ಸಹಾಯ ಬೇಕು: ಎಂಆರ್‌ಸಿಒಜಿ ಎರಡನೇ ಭಾಗಕ್ಕೆ ಮಾರ್ಗಸೂಚಿಗಳನ್ನು ಹೇಗೆ ಓದಿದಿರಿ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿ ವೈದ್ಯೆ. ಎಂಆರ್‌ಸಿಒಜಿ ಎಂದರೆ ಲಂಡನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆ. ಅದಕ್ಕಾಗಿ ಆ ಕಾಲೇಜಿನದೇ ಆದ ಗ್ರೀನ್‌ಟಾಪ್ ಮತ್ತು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್‌ನ ಮಾರ್ಗಸೂಚಿಗಳನ್ನು ಓದುತ್ತಿದ್ದೇನೆ.

ಪುಟಗಳು ಹೆಚ್ಚಾದವು ಎಂಬುದು ನನ್ನ ಕಷ್ಟವಲ್ಲ. ಹಗಲು ವಾರ್ಡಿನಲ್ಲಿ ಮಾಡುವುದು ಒಂದು, ರಾತ್ರಿ ಓದುವುದು ಇನ್ನೊಂದು. ಗರ್ಭಿಣಿಯರ ಸಕ್ಕರೆ ಕಾಯಿಲೆಯನ್ನೇ ನೋಡಿ. ನಮ್ಮಲ್ಲಿ ಊಟವಾಗಿದ್ದರೂ ಸರಿ, ಎಲ್ಲ ಗರ್ಭಿಣಿಯರಿಗೂ 75 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ಗಂಟೆಯ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂದು ನೋಡುತ್ತೇವೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳನ್ನು ಖಾಲಿ ಹೊಟ್ಟೆಯಲ್ಲಿ ಕೂರಿಸದ ಈ ಕ್ರಮ ನನಗೆ ತುಂಬ ಒಪ್ಪಿಗೆ. ನೈಸ್ ಪ್ರಕಾರವಾದರೆ ಅಪಾಯದ ಲಕ್ಷಣ ಇರುವವರಿಗೆ ಮಾತ್ರ ಪರೀಕ್ಷೆ. ಮಿತಿ ಖಾಲಿ ಹೊಟ್ಟೆಯಲ್ಲಿ ಲೀಟರಿಗೆ 5.6, ಎರಡು ಗಂಟೆಗೆ 7.8 ಮಿಲಿಮೋಲ್. ಈ 7.8 ಎಂದರೆ ನಮ್ಮ 140 ಎಂಬುದು ಗೊತ್ತಿದ್ದರೂ ಅಭ್ಯಾಸ ಪ್ರಶ್ನೆಗಳಲ್ಲಿ ಕೈ ತಾನಾಗಿ ನಮ್ಮ ಪದ್ಧತಿಯ ಉತ್ತರಕ್ಕೇ ಹೋಗುತ್ತದೆ.

ಪ್ರತಿ ಪತ್ರಿಕೆಯಲ್ಲಿ 50 ಎಸ್‌ಬಿಎ (ಅತ್ಯುತ್ತಮವಾದ ಒಂದೇ ಉತ್ತರ ಆರಿಸುವ ಪ್ರಶ್ನೆ), 50 ಇಎಂಕ್ಯೂ (ಉದ್ದದ ಆಯ್ಕೆಪಟ್ಟಿಯಿಂದ ಉತ್ತರ ಹೊಂದಿಸುವ ಪ್ರಶ್ನೆ), ಮೂರು ಗಂಟೆ. ಅನುಮಾನಿಸುತ್ತಾ ಕೂರಲು ಸಮಯವಿಲ್ಲ.

ಪಾಸಾದವರು ದಯವಿಟ್ಟು ತಿಳಿಸಿ: ಎರಡೂ ಪದ್ಧತಿಗಳನ್ನು ಅಕ್ಕಪಕ್ಕ ಬರೆದುಕೊಂಡು ಓದಿದಿರಾ, ಅಥವಾ ಕೊನೆಯ ತಿಂಗಳುಗಳಲ್ಲಿ ಬ್ರಿಟನ್ನಿನದ್ದನ್ನು ಮಾತ್ರವೇ? ಮಾರ್ಗಸೂಚಿ ಪರಿಷ್ಕರಣೆಯಾದಾಗ ಹಳೆಯ ಟಿಪ್ಪಣಿಯನ್ನು ತಿದ್ದಿದಿರಾ, ಹೊಸದಾಗಿ ಬರೆದಿರಾ?

ದಾವಣಗೆರೆ, ಚಿತ್ರದುರ್ಗದ ಕಡೆ ಇದೇ ಪರೀಕ್ಷೆಗೆ ಓದುತ್ತಿರುವವರಿದ್ದರೆ ಭಾನುವಾರ ಬೆಳಿಗ್ಗೆ ಜೊತೆಯಲ್ಲಿ ಕುಳಿತು ಪ್ರಶ್ನೆಗಳನ್ನು ಬಿಡಿಸೋಣ. ಚಿತ್ರದುರ್ಗಕ್ಕೆ ನಾನೇ ಬರಲೂ ಸಿದ್ಧ.