ಪದ ಬೇಕು (ತುರ್ತು): ಗಾಜಿನ ಬೇಲಿಗೆ ಮೊದಲು ನೆಲಕ್ಕೆ ಮಾಡುವ ಕೆಲಸ

ಬಲ್ಲವರಿಗೆ ನಮಸ್ಕಾರ.

ಈಜುಕೊಳದ ಸುತ್ತ ಗಾಜಿನ ಬೇಲಿ ನಿಲ್ಲಿಸುವವರ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ನಾನು ಮೊದಲ ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. 'ಸ್ಥಳ ಸಿದ್ಧತೆ' ಎಂದು ಬರೆದೆ. ಓದಿದರೆ ಶಾಮಿಯಾನ ಹಾಕಿಸುವ ಹಾಗಿದೆ. ಅಧ್ಯಾಯದಲ್ಲಿ ಇರುವುದು ಇಷ್ಟು: ನೆಲದಡಿಯ ಕೊಳವೆ, ವಿದ್ಯುತ್ ತಂತಿಗಳನ್ನು ಗುರುತು ಮಾಡಿಕೊಳ್ಳುವುದು, ದಾರ ಎಳೆದು ರಸಮಟ್ಟ ಇಟ್ಟು ನೋಡುವುದು, ಸಡಿಲ ಮಣ್ಣು ತೆಗೆದು ಕಾಂಕ್ರೀಟ್ ಹಾಕುವುದು, ಅದು ಗಟ್ಟಿಯಾದ ಮೇಲೆ ಕುಳಿ ಕೊರೆದು ಗಾಜು ಹಿಡಿಯುವ ಗಿಡ್ಡ ಉಕ್ಕಿನ ಕಾಲುಗಳನ್ನು ಕೂರಿಸುವುದು. 'ನೆಲ ಹದಮಾಡುವುದು' ಆದೀತೇ? ಆ ಕಾಲಿಗೆ 'ಸ್ಪಿಗಟ್' ಎನ್ನುತ್ತಾರೆ, ಅದಕ್ಕೂ ಒಂದು ಪದ ಕೊಟ್ಟರೆ ಉಪಕಾರ.

ಮರು:
ಆಗದು. ಹದಮಾಡುವುದು ಬಿತ್ತನೆಗೆ. ಉತ್ತು, ಹೆಂಟೆ ಒಡೆದು ಮಣ್ಣು ಸಡಿಲಿಸುವ ಕೆಲಸ ಅದು. ನಿಮಗೆ ಬೇಕಾದದ್ದು ಅದರ ತದ್ವಿರುದ್ಧ. 12 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ. ಉತ್ತ ನೆಲದಲ್ಲಿ ನಿಂತೀತೇ? 'ಅಡಿಪಾಯ' ಎಂದು ಬರೆದು ಮುಗಿಸಿ. ಅಚ್ಚಗನ್ನಡ.

ಮರು:
ಅಚ್ಚಗನ್ನಡವೇ! ಅಡಿ ನಮ್ಮದು, ಪಾಯ ಪಾರಸಿಯದು. ಎರಡಕ್ಕೂ ಅರ್ಥ ಕಾಲು.

ಇನ್ನು, ಹದ ಎಂದರೆ ಸಡಿಲ ಎಂದು ತಮಗೆ ಹೇಳಿದವರು ಯಾರು? ಪಾಲ್ ಹಾಲಾದಂತೆ ಹಳಗನ್ನಡದ 'ಪದ' ಹದವಾಯಿತು. ತಮಿಳಿನಲ್ಲಿ ಈಗಲೂ 'ಪದಂ'. ಸಂಸ್ಕೃತದ ಪದಕ್ಕೂ ಇದಕ್ಕೂ ನಂಟಿಲ್ಲ. ತಕ್ಕ ಸ್ಥಿತಿ ಎಂದಷ್ಟೇ ಅರ್ಥ. ಪಾಕಕ್ಕೊಂದು ಹದ, ಕುಡುಗೋಲಿಗೊಂದು ಹದ. ಈ ಬೇಲಿಯ ಗಾಜನ್ನೇ ನೋಡಿ: ಸುಮಾರು 620 ಡಿಗ್ರಿಗೆ ಕಾಯಿಸಿ, ಗಾಳಿ ಊದಿ ಥಟ್ಟನೆ ಆರಿಸುತ್ತಾರೆ. ಆಮೇಲೆ ಅದನ್ನು ಕತ್ತರಿಸಲೂ ಬಾರದು, ಕೊರೆಯಲೂ ಬಾರದು. ಅದಕ್ಕೇ ನೆಲದ ಅಳತೆ ಮೊದಲು, ಗಾಜು ಆಮೇಲೆ. ನೆಲಕ್ಕೂ ಹದ, ಗಾಜಿಗೂ ಹದ. 'ಹದಗಾಜು' ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಮರು:
ಹಾಕಿಕೊಳ್ಳುವುದೂ ಇಲ್ಲ. ಕೆಲಸದವರು 'ಟಫನ್ಡ್' ಎನ್ನುತ್ತಾರೆ, 'ಪಾಯ ತೆಗೆಯುವುದು' ಎನ್ನುತ್ತಾರೆ. ಪಾಯ ಎಂದೋ ಬಂದು ನೆಲೆಸಿತು, ಈಗ ಗಡೀಪಾರು ಏಕೆ? ಗಾಜೂ ಸಂಸ್ಕೃತದ ಕಾಚದಿಂದ ಬಂದದ್ದು. ಹೀಗೆ ಒಂದೊಂದನ್ನೇ ಹೊರಗೆ ಹಾಕುತ್ತ ಹೋದರೆ ಇವರ ಕೈಪಿಡಿಯಲ್ಲಿ ಬೇಲಿಯೊಂದೇ ಉಳಿಯುತ್ತದೆ.

ಮರು:
ಬೇಲಿಯಾದರೂ ಉಳಿಯಲಿ ಬಿಡಿ. ಬಂದದ್ದಕ್ಕೆಲ್ಲ ಬಾಗಿಲು ತೆರೆದವರು ನೀವು.

ಮರು:
ಎಲ್ಲರಿಗೂ ವಂದನೆಗಳು. ತಲೆಬರಹ 'ನೆಲವನ್ನು ಅಣಿಗೊಳಿಸುವುದು' ಎಂದು ಹಾಕಿ ಕಳಿಸಿದೆ. ಸ್ಪಿಗಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಾದ್ದರಿಂದ 'ಮೋಟುಗಾಲು' ಎಂದಿದ್ದೇನೆ.

ಮರು:
ಮೋಟು ಎಂದರೆ ತುಂಡಾಗಿ ಉಳಿದದ್ದು. ಆ ಕಾಲು ಹುಟ್ಟಿದ್ದೇ ಗಿಡ್ಡವಾಗಿ. ಅಚ್ಚು ನಿಲ್ಲಿಸಿ.