ಸಾಯುವವರೆಗೂ ಸೆರೆಯೆಂಬ ಶಿಕ್ಷೆ ಇರುವಾಗ ಗಲ್ಲು ಏಕೆ?

ಪ್ರಶ್ನೆ:
ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಬೇರೆ ಶಿಕ್ಷೆಯ ದಾರಿ ಪೂರ್ತಿ ಮುಚ್ಚಿರುವ, ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಮರಣದಂಡನೆ ಎಂದು ಸುಪ್ರೀಂ ಕೋರ್ಟ್ 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಹೇಳಿತು. ಪತ್ನಿಯನ್ನು ಕೊಂದು ಬೆಂಗಳೂರಿನ ಮನೆಯ ಆವರಣದಲ್ಲೇ ಹೂತಿದ್ದ ಶ್ರದ್ಧಾನಂದನ ಪ್ರಕರಣದಲ್ಲಿ, 2008ರಲ್ಲಿ ಅದೇ ನ್ಯಾಯಾಲಯ ಗಲ್ಲಿನ ಬದಲು ಯಾವ ಮಾಫಿಯೂ ಇಲ್ಲದೆ ಸಾಯುವವರೆಗೆ ಸೆರೆ ಎಂದು ವಿಧಿಸಿತು. ಇಂಥದೊಂದು ದಾರಿ ಇರುವಾಗ ಗಲ್ಲನ್ನು ನೈತಿಕವಾಗಿ ಹೇಗೆ ಸಮರ್ಥಿಸುವುದು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1:
ಮೇಷ್ಟ್ರೇ, ನನ್ನ ಸೋದರತ್ತೆಯ ಮಗಳ ಕೊಲೆ ಪ್ರಕರಣ ಒಂಬತ್ತು ವರ್ಷ ನಡೆಯಿತು. ಪ್ರತಿ ವಾಯಿದೆಗೂ ಅತ್ತೆ ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ವೈರ್ ಬ್ಯಾಗಿನಲ್ಲಿಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಶಿಕ್ಷೆಯ ಪ್ರಮಾಣದ ವಾದದ ದಿನ ಅಪರಾಧಿಯ ವಯಸ್ಸು, ಬಡತನ, ಸುಧಾರಿಸುವ ಸಾಧ್ಯತೆ ಎಲ್ಲವೂ ಬಂದವು, ಅವಳ ವಯಸ್ಸಿನ ಮಾತು ಬರಲಿಲ್ಲ. 1993ರಲ್ಲಿ ಪಾಲಾರ್ ಬಳಿ ವೀರಪ್ಪನ್ ಗುಂಪಿನ ನೆಲಬಾಂಬಿಗೆ 22 ಮಂದಿ ಸತ್ತರು. 2004ರಲ್ಲಿ ನಾಲ್ವರಿಗೆ ಗಲ್ಲು ಶಿಕ್ಷೆ ವಿಧಿಸಿದರು, ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು, ಆ ವಿಳಂಬವನ್ನೇ ಕಾರಣವಾಗಿಸಿ 2014ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. ಕಡತ ಇಟ್ಟುಕೊಂಡು ಕೂತದ್ದು ಸರ್ಕಾರ. ಸತ್ತವರ ಮನೆಯವರು ಮಾಡಿದ ತಪ್ಪೇನು? ಕೊಲೆಯ ತೂಕಕ್ಕೆ ತಕ್ಕ ಶಿಕ್ಷೆ ಕೇಳಿದರೆ ಅದನ್ನು ಸೇಡು ಎನ್ನಬೇಡಿ.

ಉತ್ತರ 2:
ತಂಗಿ, ಅದನ್ನು ಸೇಡೆಂದು ನಾನು ಎನ್ನಲಾರೆ. ಆದರೆ ನಾನು ಸೆಷನ್ಸ್ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಗಲ್ಲಿನ ಆದೇಶಕ್ಕೆ ಸಹಿ ಹಾಕಿದ ನ್ಯಾಯಾಧೀಶರು ಪೆನ್ನಿನ ನಿಬ್ಬನ್ನು ಮೇಜಿಗೆ ಒತ್ತಿ ಮುರಿದದ್ದನ್ನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಆಮೇಲೆ ಅವರು ಬಹಳ ಹೊತ್ತು ಚೇಂಬರಿನಿಂದ ಹೊರಗೆ ಬರಲಿಲ್ಲ. ಹೈಕೋರ್ಟ್ ಸ್ಥಿರೀಕರಿಸದೆ ಆ ಆದೇಶ ಜಾರಿಯಾಗದು. ಇಷ್ಟು ಜರಡಿಯಿದ್ದೂ ತಪ್ಪಾಗುತ್ತದೆ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಅಲೆಮಾರಿ ಸಮುದಾಯದ ಆರು ಮಂದಿಗೂ ಗಲ್ಲೇ ಸರಿ ಎಂದು 2009ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ, 2019ರಲ್ಲಿ ಆರೂ ಮಂದಿಯನ್ನು ಖುಲಾಸೆಗೊಳಿಸಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಅವರು ಹದಿನಾರು ವರ್ಷ ಜೈಲಿನಲ್ಲಿ ಕಳೆದಿದ್ದರು. ಅವರು ಜೀವಂತ ಉಳಿದಿದ್ದರಿಂದ ಖುಲಾಸೆಗೆ ಅರ್ಥವಿತ್ತು. ರಾಜಸ್ಥಾನದಲ್ಲಿ 1996ರಲ್ಲಿ ಗಲ್ಲಿಗೇರಿದ ಒಬ್ಬನ ತೀರ್ಪು ಬಚನ್ ಸಿಂಗ್ ತತ್ವವನ್ನೇ ಮೀರಿತ್ತೆಂದು 2009ರಲ್ಲಿ ಗೊತ್ತಾದಾಗ ಯಾರಿಂದಲೂ ಏನೂ ಮಾಡಲಾಗಲಿಲ್ಲ.

ಉತ್ತರ 3:
ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ. ಗಲ್ಲಿಗೆ ಕಾಯಿಸುವುದೂ ಒಂದು ಶಿಕ್ಷೆಯೇ. ಬೆಳಗಾವಿಯ ಜೈಲಿನಲ್ಲಿ ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯನ್ನು ಹತ್ತು ವರ್ಷ ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರವೆಂದು ಹೇಳಿ, 2022ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಅವನ ಅಪರಾಧದ ಬಗ್ಗೆ ನನಗೆ ಕಿಂಚಿತ್ತೂ ಮರುಕವಿಲ್ಲ. ಕಾನೂನಿನ ಹೆಸರಿನಲ್ಲಿ ಕಾನೂನು ಮುರಿದದ್ದು ಮಾತ್ರ ನನ್ನನ್ನು ಕಾಡುತ್ತದೆ.

ಮತ್ತೆ ಉತ್ತರ 1ರವರು:
ಹಿರಿಯರೇ, ತಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ನೇಣಿನ ಬಗ್ಗೆ ಕೇಳಲೇ ಇಲ್ಲ. ಹದಿನಾಲ್ಕು ವರ್ಷ ತುಂಬಿದ ಮೇಲೆ ಸನ್ನಡತೆಯೆಂದು ಮಗಳನ್ನು ಕೊಂದವನನ್ನು ಯಾವುದೋ ಸ್ವಾತಂತ್ರ್ಯ ದಿನದಂದು ಬಿಟ್ಟುಬಿಡುತ್ತಾರೆಯೇ ಎಂದಷ್ಟೇ ಕೇಳಿದರು. ಶ್ರದ್ಧಾನಂದನಿಗೆ ಕೊಟ್ಟಂಥ ಶಿಕ್ಷೆ ಇವನಿಗೂ ಆಗಿದ್ದರೆ ‘ಇಲ್ಲ’ ಎಂದು ಹೇಳಬಹುದಿತ್ತು. ಆದೇಶದಲ್ಲಿ ಇರುವುದು ಬರೀ ‘ಜೀವಾವಧಿ’ ಎಂಬ ಪದ. ಅವರಿಗೆ ಏನು ಹೇಳಲಿ ಎಂದು ತಿಳಿಯದೆ ಸುಮ್ಮನಿದ್ದೇನೆ.