ಸಹಾಯ ಬೇಕು: ಟ್ಯಾಬ್ ಎಳೆದು ಬಿಡುವುದನ್ನು ಟೆಸ್ಟ್ ಮಾಡಿಕೊಡ್ತೀರಾ?

ದಾವಣಗೆರೆ, ಚಿತ್ರದುರ್ಗ ಕಡೆಯ ಲಿನಕ್ಸ್ ಗೆಳೆಯರಿಗೆ ನಮಸ್ಕಾರ. ಇಲ್ಲಿನ ಎಪಿಎಂಸಿಯ ಒಂದು ಅಂಗಡಿ ಲೆಕ್ಕಕ್ಕೆ ಜಿಟಿಕೆ 3ರಲ್ಲಿ (ವಿಂಡೋ, ಬಟನ್, ಟ್ಯಾಬ್ ಮಾಡಿಕೊಡುವ ಲೈಬ್ರರಿ) ಆ್ಯಪ್ ಬರೆಯುತ್ತಿದ್ದೇನೆ. ಒಬ್ಬೊಬ್ಬ ರೈತರ ಚೀಟಿಗೆ ಒಂದೊಂದು ಟ್ಯಾಬ್. ಮೆಕ್ಕೆಜೋಳ ಬರುವ ಹೊತ್ತಿಗೆ ಟ್ಯಾಬ್ ಜಾಸ್ತಿಯಾಗುತ್ತವೆ, ಎಳೆದು ಬೇರೆ ವಿಂಡೋ ಮಾಡಿಕೊಳ್ಳಲೇಬೇಕು.

ಒಂದೇ ವಿಂಡೋ ಒಳಗೆ ಹಿಂದೆ ಮುಂದೆ ಸರಿಸುವುದು ಸರಿಯಿದೆ. ಎರಡು ವಿಂಡೋಗಳ ನೋಟ್‌ಬುಕ್‌ಗಳಿಗೆ (ಟ್ಯಾಬ್‌ಗಳನ್ನು ಹಿಡಿದಿಡುವ ಭಾಗ) ಒಂದೇ ಗ್ರೂಪ್ ನೇಮ್ ಕೊಟ್ಟಿದ್ದೇನೆ, ಅದಿಲ್ಲದೆ ಒಂದರಿಂದ ಇನ್ನೊಂದಕ್ಕೆ ಟ್ಯಾಬ್ ಹೋಗುವುದೇ ಇಲ್ಲ. ತೊಂದರೆ ಇರುವುದು ಹೊರಗೆ ಖಾಲಿ ಜಾಗದಲ್ಲಿ ಬಿಟ್ಟಾಗ. ಲಿನಕ್ಸ್‌ನಲ್ಲಿ ಪರದೆಗೆ ವಿಂಡೋ ತೋರಿಸುವ ವ್ಯವಸ್ಥೆ ಎರಡು, ಹಳೆಯ ಎಕ್ಸ್11 ಮತ್ತು ಹೊಸ ವೇಲ್ಯಾಂಡ್. ಎಕ್ಸ್11ನಲ್ಲಿ ಕ್ರಿಯೇಟ್-ವಿಂಡೋ ಸಿಗ್ನಲ್ (ಹೊಸ ವಿಂಡೋ ಮಾಡು ಎಂದು ಆ್ಯಪ್‌ಗೆ ಬರುವ ಸೂಚನೆ) ಬಂದು, ಬಿಟ್ಟ ಕಡೆಯೇ ಹೊಸ ವಿಂಡೋ ತೆರೆಯುತ್ತದೆ. ವೇಲ್ಯಾಂಡ್‌ನಲ್ಲಿ ವಿಂಡೋದ ಜಾಗ ಕಂಪೋಸಿಟರ್ (ವಿಂಡೋಗಳನ್ನು ಜೋಡಿಸಿ ಪರದೆಗೆ ತೋರಿಸುವ ಪ್ರೋಗ್ರಾಂ) ಕೈಯಲ್ಲಿದೆ, ಅದು ಇರಲಿ. ಆದರೆ ಅಲ್ಲಿ ಕೆಲವು ಸಲ ಟ್ಯಾಬ್ ವಾಪಸ್ ಹಳೇ ಜಾಗಕ್ಕೇ ಹೋಗಿ ಕೂರುತ್ತದೆ. ಎಸ್ಕೇಪ್ ಒತ್ತಿದರೆ ಹಾಗಾಗಬೇಕು, ಸುಮ್ನೆ ಬಿಟ್ಟಾಗ ಆಗಬಾರದು ಅಲ್ವಾ?

ನನ್ನ ಹತ್ತಿರ ಇರುವುದು ಒಂದೇ ಮಾನಿಟರ್. ಎರಡು ಮಾನಿಟರ್ ಇರುವವರು ಎಕ್ಸ್11, ವೇಲ್ಯಾಂಡ್ ಎರಡೂ ಸೆಷನ್‌ನಲ್ಲಿ ನೋಡಿದರೆ ತುಂಬಾ ಉಪಕಾರ. ಡೆಸ್ಕ್‌ಟಾಪ್ ಯಾವುದು, ಮೌಸೋ ಟಚ್‌ಪ್ಯಾಡೋ, ಬಿಟ್ಟಿದ್ದು ಖಾಲಿ ಜಾಗದಲ್ಲೋ ಬೇರೆ ಆ್ಯಪ್ ಮೇಲೋ, ಇಷ್ಟು ತಿಳಿಸಿ. ಕಾಮೆಂಟ್ ಹಾಕಿದರೆ ಕೋಡ್ ಕಳಿಸುತ್ತೇನೆ. ದಾವಣಗೆರೆಯವರಾದರೆ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.